ಸಾವ್ಕಾರರ ಮಷಿನ್ನು, ಕರೆವ್ವನ ಮನೆ

ಮಷಿನ್ನು ಬರುತ್ತದೆ ಎಂಬ ಸುದ್ದಿ ಬಂದ ದಿನ ಕರೆವ್ವ ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಚಿಂತೆಯಾದರೆ ಕೆಲವರ ಹಸಿವು ಸಾಯುತ್ತದೆ. ಕರೆವ್ವನಿಗೆ ಹಸಿವು ಹೆಚ್ಚಾಗುತ್ತದೆ. ಗಂಡ ಸತ್ತಾಗ ಮಾತ್ರ ಉಂಡಿರಲಿಲ್ಲ. ಅದು ಚಿಂತೆಯಲ್ಲ, ಬೇರೆ.

ಅವಳ ಕೆಲಸ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ. ರುದ್ರಮುನಿ ಸಾವ್ಕಾರರ ಅಡತಿ ಅಂಗಡಿಯ, ಅಂದರೆ ದಲಾಲಿ ಅಂಗಡಿಯ, ಹಿಂದೆ ತಗಡಿನ ಮಾಡು ಇದೆ. ಅದರ ಕೆಳಗೆ ಹದಿನೈದು ಹೆಂಗಸರು ಒಬ್ಬೊಬ್ಬರು ಒಂದೊಂದು ರಾಶಿ ಇಟ್ಟುಕೊಂಡು ಕೂರುತ್ತಾರೆ. ಕೆಂಪು ಕಾಯಿ ಎತ್ತುವುದು, ತುಂಬು ಮುರಿಯುವುದು, ಕಾಯಿ ಈ ಕಡೆ, ತುಂಬು ಆ ಕಡೆ. ತುಂಬು ಅಂದರೆ ತೊಟ್ಟು. ಸಂಜೆ ತೂಕ, ತೂಕಕ್ಕೆ ತಕ್ಕ ಕೂಲಿ. ಈ ಕೆಲಸಕ್ಕೆ ಕೈ ಸಾಕು. ಬಾಯಿ ಖಾಲಿ ಇರುತ್ತದೆ. ಅದಕ್ಕೇ ಆ ಮಾಡಿನ ಕೆಳಗೆ ಇಡೀ ಊರಿನ ಸುದ್ದಿ ಓಡಾಡುತ್ತದೆ. ಯಾರ ಮನೆಯಲ್ಲಿ ಸೊಸೆ ಮುನಿದಳು, ಯಾರ ಎಮ್ಮೆ ಈಯಿತು, ಯಾರ ಮಗ ಯಾರ ಮಗಳನ್ನು ಹಿಂದೆ ಕೂರಿಸಿಕೊಂಡು ಕರ್ಜಗಿ ಕಡೆ ಗಾಡಿ ಹೊಡೆದ, ಎಲ್ಲ ಅಲ್ಲಿ ಮೊದಲು ಗೊತ್ತಾಗುತ್ತದೆ.

ಸಾವ್ಕಾರರು ಸುದ್ದಿಯನ್ನು ನೆಟ್ಟಗೆ ಹೇಳಲಿಲ್ಲ. ಮೊದಲು ಎಲ್ಲರಿಗೂ ಚಹಾ ತರಿಸಿದರು. ಆಮೇಲೆ ಮಿರ್ಚಿ ಭಜಿ ತರಿಸಿದರು. ಕರೆವ್ವನ ಪಕ್ಕದ ರಾಶಿ ಬಿಸ್ಮಿಲ್ಲಾಬಿಯದು. ಇಬ್ಬರೂ ಒಂದೇ ವರ್ಷ ಈ ಕೆಲಸಕ್ಕೆ ಬಂದವರು. ಬಿಸ್ಮಿಲ್ಲಾಬಿ ಭಜಿಯನ್ನು ತಿರುಗಿಸಿ ನೋಡಿ, ಕರೆವ್ವನ ಕಿವಿಗೆ ಬಾಯಿ ತಂದಳು.

"ಸಾವ್ಕಾರ ಭಜಿ ತಿನಸಾಕತ್ಯಾನ ಅಂದ್ರ ಏನೋ ಕೆಟ್ಟದ್ದ ಐತಿ ನೋಡವಾ."

ಇತ್ತು. ಶಿವರಾತ್ರಿಗೆ ತುಂಬು ಬಿಡಿಸುವ ಮಷಿನ್ನು ಬರುತ್ತದೆ, ಪೇಟೆಯಲ್ಲಿ ಆಗಲೇ ಬೇರೆಯವರು ತಂದಿದ್ದಾರೆ, ತಾವು ತರದಿದ್ದರೆ ಗಿರಾಕಿ ಉಳಿಯುವುದಿಲ್ಲ ಎಂದರು ಸಾವ್ಕಾರರು. ಯಾರನ್ನೂ ಕೆಲಸ ಬಿಡಿಸುತ್ತೇನೆ ಎನ್ನಲಿಲ್ಲ. ಬಿಡಿಸುವುದಿಲ್ಲ ಎಂದೂ ಅನ್ನಲಿಲ್ಲ. ಹೆಂಗಸರು ಭಜಿ ತಿಂದು ಮುಗಿಸಿ, ಕೈ ಒರೆಸಿಕೊಂಡು, ಮತ್ತೆ ತುಂಬು ಮುರಿಯತೊಡಗಿದರು. ಆ ದಿನ ಸುದ್ದಿ ಓಡಾಡಲಿಲ್ಲ.

ಕರೆವ್ವ ಗುತ್ತಲದ ಹುಡುಗಿ. ಮದುವೆಯಾಗಿ ಬ್ಯಾಡಗಿಗೆ ಬಂದಳು. ಗಂಡ ಬೀರಲಿಂಗಪ್ಪ ಗೂಡ್ಸ್ ಆಟೋ ಹೊಡೆಯುತ್ತಿದ್ದ. ಪೇಟೆಯಿಂದ ಕೋಲ್ಡ್ ಸ್ಟೋರೇಜಿಗೆ, ಕೋಲ್ಡ್ ಸ್ಟೋರೇಜಿನಿಂದ ಪೇಟೆಗೆ ಮೆಣಸಿನಕಾಯಿ ಚೀಲ. ಮನುಷ್ಯ ದೊಡ್ಡ ಮಾತಿನವನು. ಹೆಂಡತಿ ಎದುರಿಗೆ ಬಂದರೆ ಹಾರ್ನ್ ಹೊಡೆಯುತ್ತಿದ್ದ. ಅವಳು ಬೈಯುತ್ತಿದ್ದಳು. ಹೋದ ಆಷಾಢದಲ್ಲಿ ಒಂದು ದಿನ ಎದೆ ಹಿಡಿದುಕೊಂಡಿತು ಎಂದ. ಹಾವೇರಿ ಮುಟ್ಟುವಷ್ಟರಲ್ಲಿ ಹೋದ. ಆಟೋ ಮಾರಬೇಕಾಯಿತು. ಈಗ ಅದನ್ನು ಬೇರೆ ಯಾರೋ ಹೊಡೆಯುತ್ತಾನೆ, ಅದೇ ಬೀದಿಯಲ್ಲಿ. ಅದರ ಸಪ್ಪಳ ಕೇಳಿದರೆ ಕರೆವ್ವ ತಲೆ ಎತ್ತುವುದಿಲ್ಲ.

ಉಳಿದದ್ದು ಬಾಡಿಗೆಯ ಎರಡು ಕೋಣೆ, ಮತ್ತು ಮಗಳು ಶಿಲ್ಪಾ. ಶಿಲ್ಪಾಳನ್ನು ರಾಣೇಬೆನ್ನೂರಿಗೆ ಕೊಟ್ಟಿದೆ. ಅಳಿಯ ಶಶಿಕಾಂತ ಮೋಟಾರು ರಿವೈಂಡಿಂಗ್ ಮಾಡುತ್ತಾನೆ, ಒಳ್ಳೆಯ ಹುಡುಗ. ಮಷಿನ್ನಿನ ಸುದ್ದಿ ಮಗಳಿಗೆ ಹೇಗೆ ಮುಟ್ಟಿತೋ, ಅವತ್ತೇ ಸಂಜೆ ಫೋನು.

"ಯವ್ವಾ, ಕೆಲಸ ಹೋದ್ರ ಹೋಗ್ಲಿ. ಮನಿ ಬಿಟ್ಟು ಇಲ್ಲಿ ಬಾ. ನಮ್ಮತ್ತಿ ಏನೂ ಅನ್ನೂದಿಲ್ಲ."

ಅತ್ತೆ ಏನೂ ಅನ್ನುವುದಿಲ್ಲ ಎಂಬುದೇ ಕರೆವ್ವನಿಗೆ ಹೆದರಿಕೆ. ಅನ್ನುವವರ ಮನೆಯಲ್ಲಿ ಜಗಳಾಡಿಯಾದರೂ ಇರಬಹುದು. ಏನೂ ಅನ್ನದ ಬೀಗರ ಮನೆಯಲ್ಲಿ ತುತ್ತು ಎತ್ತಿ ಬಾಯಿಗೆ ಇಡುವುದು ಹೇಗೆ? ಹಬ್ಬಕ್ಕೆ ಹೋಗಿ ಒಂದು ದಿನ ಉಂಡು ಬರುವುದು ಬೇರೆ, ಗಂಟು ಹೊತ್ತುಕೊಂಡು ಹೋಗಿ ಕೂರುವುದು ಬೇರೆ. ಕರೆವ್ವ ಅವತ್ತೇ ಗಟ್ಟಿ ಮಾಡಿಕೊಂಡಳು. ಏನಾದರೂ ಆಗಲಿ, ಈ ಎರಡು ಕೋಣೆ ಬಿಡಬಾರದು. ಬಿಡಬಾರದು ಅಂದರೆ ಬಾಡಿಗೆ ಕಟ್ಟಬೇಕು. ಕಟ್ಟಬೇಕು ಅಂದರೆ ಬೇರೆ ಕೆಲಸ ಹುಡುಕಬೇಕು.

ಹುಡುಕಿದಳು. ಹಾವೇರಿಯ ಕೋರ್ಟಿನ ಎದುರು ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಜನ ಬೇಕು ಅಂದರು. ಹೋದಳು. ಅಷ್ಟು ಹೊತ್ತಿಗೆ ಬೇರೆಯವಳು ಬಂದು ಕೂತಿದ್ದಳು, ಅವಳೂ ಬ್ಯಾಡಗಿಯವಳೇ, ಬೇರೆ ಅಂಗಡಿಯಲ್ಲಿ ಮಷಿನ್ನು ಬಂದು ಕೆಲಸ ಕಳೆದುಕೊಂಡವಳು. ಇಬ್ಬರೂ ಮುಖ ನೋಡಿಕೊಂಡರು. ಆ ಹೆಂಗಸು ಕರೆವ್ವನಿಗೆ ಒಂದು ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಕೊಟ್ಟು ಕಳಿಸಿದಳು. ಬಸ್ಸಿನ ಖರ್ಚು ದಂಡವಾಯಿತು, ಊಟ ಲಾಭವಾಯಿತು.

ಆಮೇಲೆ ಶಿಲ್ಪಾಳೇ ಒಂದು ಕೆಲಸ ನೋಡಿದಳು. ಅವಳ ಓಣಿಯಲ್ಲಿ ರೋಹಿಣಿ ಎಂಬ ಹುಡುಗಿ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಕೂಸು. ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ಎರೆಯುವವರು ಬೇಕಾಗಿತ್ತು. ಆ ಕೆಲಸ ಗೊತ್ತಿದ್ದ ಮುದುಕಿಯರು ಓಣಿಯಲ್ಲಿ ಉಳಿದಿರಲಿಲ್ಲ. ಕರೆವ್ವನಿಗೆ ಗೊತ್ತಿತ್ತು. ಬೀರಲಿಂಗಪ್ಪನ ತಾಯಿ ಕಲಿಸಿದ್ದಳು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ತಲೆಯಿಂದ ಅಂಗಾಲಿನ ತನಕ ನೀವುವುದು. ಇಂಥ ಮನೆ ಎರಡು ಸಿಕ್ಕರೆ ಬಾಡಿಗೆಗೆ ತೊಂದರೆಯಿಲ್ಲ. ನಸುಕಿನ ಬಸ್ಸಿಗೆ ಹೋದರೆ ಹತ್ತು ಗಂಟೆಗೆ ವಾಪಸ್ಸು ಬಂದು ರಾಶಿಗೂ ಕೂರಬಹುದು.

ಶಿಲ್ಪಾ ಒಂದು ಮಾತು ಹೇಳಿದಳು. ಮೆಣಸಿನಕಾಯಿ ಕೆಲಸದ ಸುದ್ದಿ ಅಲ್ಲಿ ಎತ್ತಬೇಡ, ಕೂಸಿನ ಮನೆಯವರು ಹೆದರುತ್ತಾರೆ ಎಂದಳು. ಕರೆವ್ವ ನಕ್ಕಳು. ಬ್ಯಾಡಗಿ ಕಾಯಿಗೆ ಖಾರ ಎಲ್ಲಿದೆ? ಬಣ್ಣ ಇದೆ, ವಾಸನೆ ಇದೆ. ಖಾರ ಬೇಕಾದವರು ಗುಂಟೂರು ಕಾಯಿ ತಿನ್ನಲಿ. ಬ್ಯಾಡಗಿಯಲ್ಲಿ ಹುಟ್ಟಿದವರು, ಬ್ಯಾಡಗಿಗೆ ಬಂದವರು, ಎಲ್ಲರೂ ಹೀಗೇ ಅನ್ನುತ್ತಾರೆ. ಆದರೂ ಅವಳು ಹೋಗುವ ಮುಂಚೆ ಎರಡು ಸಲ ಸಾಬೂನು ಹಚ್ಚಿ ಕೈ ತಿಕ್ಕಿದಳು. ಮೂಸಿ ನೋಡಿದಳು. ಏನೂ ಇಲ್ಲ.

ರೋಹಿಣಿಯ ಮನೆಯಲ್ಲಿ ಹಂಡೆಯ ನೀರು ಕಾದಿತ್ತು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಬಟ್ಟಲಲ್ಲಿ ಇಟ್ಟಿದ್ದರು. ಕರೆವ್ವ ಸೀರೆ ಮೇಲೆ ಮಾಡಿಕೊಂಡು ಕೂತಳು. ಕೂಸು ಕಾಲ ಮೇಲೆ ಬಂತು. ಬೆಣ್ಣೆಮುದ್ದೆಯಂಥ ಕೂಸು. ಅವಳಿಗೆ ಬಹಳ ದಿನದ ಮೇಲೆ ಖುಷಿಯಾಯಿತು. ಬೆನ್ನಿಗೆ ಎಣ್ಣೆ ಹಾಕಿ ಎರಡು ಸಲ ನೀವಿದಳು.

ಸಾಬೂನಿಗೆ ಬಿಡದ ಖಾರ ಎಣ್ಣೆಗೆ ಬಿಡುತ್ತದೆ. ಇಷ್ಟು ವರ್ಷ ಕಾಯಿಯಲ್ಲಿ ಕೈ ಇಟ್ಟವಳಿಗೆ ಅದು ಗೊತ್ತಿರಲಿಲ್ಲ.

ಕೂಸು ಮೊದಲು ಸುಮ್ಮನೆ ಮುಖ ಸೊಟ್ಟ ಮಾಡಿತು. ಆಮೇಲೆ ಕಿರುಚಿತು. ಹಾಗೆ ಕಿರುಚಿದ್ದನ್ನು ಆ ಓಣಿ ಕೇಳಿರಲಿಲ್ಲ. ಬೆನ್ನು ಕೆಂಪಗಾಯಿತು. ಕರೆವ್ವ ಹಸಿವೆ ಅಂದಳು. ರೋಹಿಣಿ ಹಾಲು ಕುಡಿಸಲು ಹೋದಳು. ಕೂಸು ಒಲ್ಲೆ ಅಂದಿತು. ಪಕ್ಕದ ಮನೆಯವರು ಬಂದರು. ರೋಹಿಣಿಯ ತಾಯಿ ದೃಷ್ಟಿಯಾಗಿದೆ ಎಂದಳು. ನಿನ್ನೆ ಒಬ್ಬಾಕೆ ಬಂದು ಕೂಸು ಎಷ್ಟು ಚಂದ ಎಂದು ಹೋಗಿದ್ದಳಂತೆ, ಅವಳ ಕಣ್ಣೇ ಎಂದಳು. ಒಳಗೆ ಹೋಗಿ ಒಂದು ಹಿಡಿ ಒಣ ಮೆಣಸಿನಕಾಯಿ, ಉಪ್ಪು ತಂದಳು. ಕೂಸಿಗೆ ನೀವಾಳಿಸಿದಳು. ಬಾಣಂತಿಯ ಧೂಪಕ್ಕೆ ಇಟ್ಟಿದ್ದ ಕೆಂಡದ ಮೇಲೆ ಸುರಿದಳು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ.

ಘಾಟು ಬಂತು. ರೋಹಿಣಿ ಕೂಸನ್ನು ಎತ್ತಿಕೊಂಡು ಹೊರಗೆ ಓಡಿದಳು. ಪಕ್ಕದ ಮನೆಯವರು ಕೆಮ್ಮುತ್ತ ಓಡಿದರು. ರೋಹಿಣಿಯ ತಾಯಿ ಸೆರಗು ಮೂಗಿಗೆ ಹಿಡಿದುಕೊಂಡು, ಕಣ್ಣೀರು ಸುರಿಸುತ್ತ ಬಾಗಿಲಲ್ಲಿ ನಿಂತಳು. ನಡುಮನೆಯಲ್ಲಿ, ಹೊಗೆಯ ನಟ್ಟ ನಡುವೆ, ಕರೆವ್ವ ಒಬ್ಬಳೇ ಆರಾಮ ಕೂತಿದ್ದಳು. ಒಂದು ಸಲವೂ ಕೆಮ್ಮಿರಲಿಲ್ಲ.

"ನಿಮಗ ಘಾಟು ಬರಾಕತ್ತಿಲ್ಲೇನ್ರಿ?"

"ಇಲ್ರಿ, ನಮಗ ರೂಢಿ ಐತಿ."

"ಏನ್ ರೂಢಿ?"

ಕರೆವ್ವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬ್ಯಾಡಗಿ ಪೇಟೆಯಲ್ಲಿ ತುಂಬು ಬಿಡಿಸುತ್ತೇನೆ ಎಂದಳು. ರೋಹಿಣಿಯ ತಾಯಿ ಒಳಗೆ ಬಂದು, ಕರೆವ್ವನ ಕೈ ಹಿಡಿದೆತ್ತಿ ಮೂಸಿದಳು. ಎಣ್ಣೆಯ ಕೈ. ಒಂದಾದ ಮೇಲೆ ಒಂದು ಸೀನು ಬಂದವು. ಮೊಸರು ತಂದು ಕೂಸಿನ ಬೆನ್ನಿಗೆ ಹಚ್ಚಿದರು. ಕೂಸು ಸುಮ್ಮನಾಯಿತು. ಸುಮ್ಮನಾಗಿ ಕರೆವ್ವನನ್ನೇ ನೋಡಿತು.

ಬೈದರೆ ಬೈಸಿಕೊಳ್ಳೋಣ ಎಂದು ಅವಳು ತಲೆ ತಗ್ಗಿಸಿ ನಿಂತಳು. ರೋಹಿಣಿಯ ತಾಯಿ ಕಣ್ಣು ಒರೆಸಿಕೊಂಡು ಇಷ್ಟೇ ಅಂದಳು.

"ಯವ್ವಾ, ನಿಮ್ಮ ಕೈಗೆ ದೃಷ್ಟಿ ಆಗೂದಿಲ್ಲ ಬಿಡ್ರಿ. ಆದ್ರ ನಮ್ಮ ಕೂಸಿಗೆ ಬ್ಯಾಡ."

ಶಿಲ್ಪಾ ನಾಚಿಕೆಯಿಂದ ಮನೆಯಿಂದ ಹೊರಗೆ ಬರಲಿಲ್ಲ. ಶಶಿಕಾಂತ ಅತ್ತೆಯನ್ನು ಗಾಡಿ ಮೇಲೆ ಬಸ್ ಸ್ಟ್ಯಾಂಡಿಗೆ ಬಿಟ್ಟ. ದಾರಿಯುದ್ದಕ್ಕೂ ಅವನ ಹೆಗಲು ಕುಲುಕುತ್ತಿತ್ತು. ನಗುತ್ತಿದ್ದಾನೆ ಎಂದು ಕರೆವ್ವನಿಗೆ ಗೊತ್ತಾಯಿತು. ಅವಳೂ ಹಿಂದೆ ಕೂತು ಸೆರಗು ಬಾಯಿಗೆ ಹಿಡಿದುಕೊಂಡಳು. ಬೀರಲಿಂಗಪ್ಪ ಇದ್ದಿದ್ದರೆ ಇದನ್ನು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹೇಳಲು ಅವನಿಲ್ಲವಲ್ಲ ಎಂದು ಬಸ್ಸಿನಲ್ಲಿ ಕೂತಾಗ ಹೊಳೆಯಿತು. ನಗು ಅಲ್ಲಿಗೇ ನಿಂತಿತು. ಕೊನೆಗೆ ಮರುದಿನ ಅವಳೇ ಮಾಡಿನ ಕೆಳಗೆ ಹೇಳಿದಳು. ಬಿಸ್ಮಿಲ್ಲಾಬಿ ನಕ್ಕು ನಕ್ಕು ಕಾಯಿರಾಶಿಯ ಮೇಲೆ ಬಿದ್ದಳು.

ಶಿವರಾತ್ರಿ ಮುಗಿದ ಮೇಲೆ ಮಷಿನ್ನು ಬಂತು. ಲಾರಿಯಲ್ಲಿ ಬಂತು, ತೆಂಗಿನಕಾಯಿ ಒಡೆದರು, ಕುಂಕುಮ ಹಚ್ಚಿದರು. ಹೆಂಗಸರನ್ನೇ ಕರೆದು ಆರತಿ ಎತ್ತಿಸಿದರು. ತಮ್ಮ ಕೂಲಿ ತಿನ್ನಲು ಬಂದದ್ದಕ್ಕೆ ತಾವೇ ಆರತಿ ಎತ್ತಿದರು. ಕರೆವ್ವ ವಿಧವೆ, ಅವಳು ಎತ್ತಲಿಲ್ಲ. ಅಷ್ಟರಮಟ್ಟಿಗೆ ಅವಳಿಗೆ ಲಾಭ.

ಮಷಿನ್ನು ಕೆಟ್ಟು ನಿಲ್ಲಲಿ ಎಂದು ಎಲ್ಲರೂ ಒಳಗೊಳಗೇ ಬೇಡಿಕೊಂಡಿದ್ದರು. ಅದು ಕೆಡಲಿಲ್ಲ. ಚೆನ್ನಾಗಿಯೇ ನಡೆಯಿತು. ಮೇಲಿನಿಂದ ಕಾಯಿ ಸುರಿದರೆ ಕೆಳಗೆ ತುಂಬು ಬೇರೆ, ಕಾಯಿ ಬೇರೆ. ಅಲ್ಲೊಂದು ಇಲ್ಲೊಂದು ತುಂಬು ಉಳಿಯುತ್ತಿತ್ತು, ಕೈಯಿಂದ ಆರಿಸಿದರೆ ಆಯಿತು. ಸುರಿಯಲು, ಆರಿಸಲು ಐದು ಮಂದಿ ಸಾಕು. ಆ ಐದು ಮಂದಿ ಯಾರು ಎಂದು ಸಾವ್ಕಾರರು ಹೇಳಲಿಲ್ಲ. ನೀವೇ ಮಾತಾಡಿಕೊಂಡು ಸಂಜೆಯೊಳಗೆ ಹೇಳಿ ಎಂದು ಅಂಗಡಿಯೊಳಗೆ ಹೋಗಿ ಕೂತರು. ಹತ್ತು ಹೆಂಗಸರ ಶಾಪ ಅವರಿಗೆ ಬೇಡವಾಗಿತ್ತು.

ಹೆಂಗಸರು ಮಾಡಿನ ಕೆಳಗೆ ಗುಂಪಾಗಿ ಕೂತರು. ಎಲ್ಲರ ಮನೆಯಲ್ಲೂ ಒಂದೊಂದು ಕಷ್ಟ, ಅದು ಎಲ್ಲರಿಗೂ ಗೊತ್ತು. ಒಬ್ಬಳ ಗಂಡ ಕುಡಿಯುತ್ತಾನೆ, ಒಬ್ಬಳ ಮಗಳ ಮದುವೆ ಗೊತ್ತಾಗಿದೆ. ಕೊನೆಗೆ ಮೂಲೆಯಿಂದ ಯಾರೋ, ಮೊದಲು ಕರೆವ್ವನ ಹೆಸರು ಬರಲಿ, ಅವಳಿಗೆ ಗಂಡ ಇಲ್ಲ ಎಂದರು. ಹೌದು ಹೌದು ಎಂದರು ಉಳಿದವರು. ಒಬ್ಬಳೂ ಬೇಡ ಅನ್ನಲಿಲ್ಲ.

ಕರೆವ್ವ ಬೇಡುತ್ತಿದ್ದದ್ದು ಅದನ್ನೇ. ಆ ಒಂದು ಜಾಗ ಸಿಕ್ಕರೆ ಬಾಡಿಗೆ, ಎರಡು ಕೋಣೆ, ಎಲ್ಲ ಉಳಿಯುತ್ತದೆ. ಆದರೆ ಆ ಮಾತು ಕೇಳಿದ ಕೂಡಲೇ ಅವಳಿಗೆ ಸಿಟ್ಟು ಬಂತು.

"ನನ್ನ ಗಂಡ ಸತ್ತದ್ದಕ್ಕ ನನಗ ಕೂಲಿ ಬ್ಯಾಡ. ಕಾಯಿ ಬಿಡಿಸಿದ್ದಕ್ಕ ಕೊಡ್ರಿ."

ಅಂದಳು. ಬಾಯಿಗೆ ಬಂದ ಜಾಗವನ್ನು ತಾನೇ ಉಗುಳಿದಂತಾಯಿತು. ಬಿಸ್ಮಿಲ್ಲಾಬಿ ಅವಳನ್ನು ದುರುಗುಟ್ಟಿ ನೋಡಿದಳು.

"ದೊಡ್ಡಾಕಿ ಬಂದ್ಲು. ನಿನ್ನ ಗಂಡ ಹೋದಾಗ ನೀ ಮೂಲಿ ಹಿಡದು ಕುಂತಿದ್ದಿ. ಆವಾಗ ನಿನ್ನ ರಾಶಿ ಯಾರು ಬಿಡಿಸಿದ್ರು? ನಾವು. ತೂಕ ಯಾರ ಹೆಸರಿಗೆ ಹಾಕಿಸಿದ್ವಿ? ನಿನ್ನ ಹೆಸರಿಗೆ. ಅವತ್ತ ಇಲ್ಲದ್ದು ಇವತ್ತ ಎಲ್ಲಿಂದ ಬಂತು ನಿನಗ ಸೊಕ್ಕು?"

ಅದು ಆ ಮಾಡಿನ ಪದ್ಧತಿ. ಯಾರ ಮನೆಯಲ್ಲಿ ಸಾವೋ ಹೆರಿಗೆಯೋ ಜ್ವರವೋ ಆದರೆ ಅವರ ರಾಶಿಯನ್ನು ಬೇರೆಯವರಿಗೆ ಕೊಡುವುದಿಲ್ಲ. ಉಳಿದವರು ತಮ್ಮ ರಾಶಿ ಮುಗಿಸಿ, ಕತ್ತಲಾಗುವ ಮುಂಚೆ ಅದನ್ನೂ ಮುಗಿಸುತ್ತಾರೆ. ಸಾವ್ಕಾರರನ್ನು ಯಾರೂ ಕೇಳುವುದಿಲ್ಲ. ಮತ್ತೆ ಕೆಲಸಕ್ಕೆ ಬಂದವಳು ಉಪಕಾರ ಅಂತ ಹೇಳುವುದೂ ಇಲ್ಲ. ಹಾಗೆ ಹೇಳಿದರೆ ಬೈಯುತ್ತಾರೆ. ಬಿಸ್ಮಿಲ್ಲಾಬಿಯ ಮೊಮ್ಮಗಳಿಗೆ ಡೆಂಗಿ ಬಂದಾಗ ಅವಳ ರಾಶಿಯನ್ನು ಹೆಚ್ಚು ಬಿಡಿಸಿದವಳು ಕರೆವ್ವನೇ.

ಕರೆವ್ವ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು.

"ಹಂಗಾರ ಇದನ್ನೂ ಹಂಗ ಮಾಡೂಣು. ಒಂದ ವಾರ ಐದು ಮಂದಿ, ಮುಂದಿನ ವಾರ ಬ್ಯಾರೆ ಐದು ಮಂದಿ. ಯಾರೂ ಹೋಗೂದ ಬ್ಯಾಡ."

ಹಾಗೆ ಮಾಡಿದರೆ ಮೂರು ವಾರಕ್ಕೆ ಒಂದು ವಾರದ ಕೂಲಿ. ಯಾರ ಹೊಟ್ಟೆಯೂ ತುಂಬುವುದಿಲ್ಲ. ಅದು ಎಲ್ಲರಿಗೂ ತಿಳಿಯಿತು. ಆದರೂ ಹತ್ತು ಮಂದಿಯ ಹೆಸರನ್ನು ತಾವೇ ಹೊಡೆದು ಹಾಕುವುದಕ್ಕಿಂತ ಅದೇ ಹಗುರವಾಗಿತ್ತು. ಎಲ್ಲರೂ ಒಪ್ಪಿದರು. ಮದುವೆ ಗೊತ್ತಾದ ಮಗಳಿದ್ದವಳು ಮಾತ್ರ ಕೊನೆಗೆ ಒಪ್ಪಿದಳು, ಮನಸ್ಸಿಲ್ಲದೆ. ಅವಳ ತಪ್ಪೇನಿಲ್ಲ.

ಸಾವ್ಕಾರರು ಒಪ್ಪಲಿಲ್ಲ. ಮಷಿನ್ನಿನ ಹತ್ತಿರ ವಾರಕ್ಕೊಂದು ಹೊಸ ಕೈ ಬಂದರೆ ಕೆಲಸ ಕೆಡುತ್ತದೆ ಅಂದರು. ಬಿಸ್ಮಿಲ್ಲಾಬಿ ಮುಂದೆ ಹೋಗಿ ನಿಂತಳು.

"ಸಾವ್ಕಾರ್ರ, ಬಂದ್ರ ಹದಿನೈದು ಮಂದೀನೂ ಬರ್ತೇವಿ. ಇಲ್ಲಾಂದ್ರ ಒಬ್ಬಾಕೀನೂ ಇಲ್ಲ. ನೀವು, ಅಕ್ಕಾರು ಕೂಡಿ ಸುರೀರಿ ಕಾಯಿ."

ಹೊರಗೆ ಎರಡು ಲಾರಿ ಮಾಲು ಬಂದು ನಿಂತಿತ್ತು. ಸಾವ್ಕಾರರು ತಮ್ಮ ಹೆಂಡತಿ ಕಾಯಿ ಸುರಿಯುವುದನ್ನು ಮನಸ್ಸಿನಲ್ಲಿ ನೋಡಿರಬೇಕು. ಆಗಲಿ ಅಂದರು.

ಮೊದಲ ವಾರ ಕರೆವ್ವನ ಪಾಳಿ ಇರಲಿಲ್ಲ. ಮನೆಯಲ್ಲಿ ಕೂತಳು. ನೆಲ ಸಾರಿಸಿದಳು, ಪಾತ್ರೆ ತಿಕ್ಕಿದಳು, ತಿಕ್ಕಿದ್ದನ್ನೇ ಮತ್ತೆ ತಿಕ್ಕಿದಳು. ಹತ್ತು ಗಂಟೆಗೆ ಮನೆ ಕೆಲಸ ಮುಗಿಯಿತು. ಇಷ್ಟು ದಿನ ಅವಳು ಹೆದರಿದ್ದು ಬಾಡಿಗೆಗೆ ಮಾತ್ರ ಎಂದುಕೊಂಡಿದ್ದಳು. ಈ ಮನೆ ಹಗಲು ಹೊತ್ತಿನಲ್ಲಿ ಎಷ್ಟು ಸುಮ್ಮನಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗಂಡ ಹೋದಾಗ ಮೂಲೆ ಹಿಡಿದ ದಿನಗಳಲ್ಲಿ ಮನೆ ತುಂಬ ಜನ ಇದ್ದರು, ಆಮೇಲೆ ಅವಳು ಹಗಲು ಮನೆಯಲ್ಲಿ ಕೂತೇ ಇರಲಿಲ್ಲ. ಗೂಟಕ್ಕೆ ಅವನ ಅಂಗಿ ಇತ್ತು. ಅದನ್ನು ತೆಗೆದು ಮಡಿಚಿದಳು. ಮತ್ತೆ ಬಿಚ್ಚಿ ಗೂಟಕ್ಕೇ ಹಾಕಿದಳು.

ಬುತ್ತಿ ಕಟ್ಟಿಕೊಂಡು ಪೇಟೆಗೆ ಹೋದಳು.

ಅಂಗಡಿಯ ಮುಂದಿನ ಬೇವಿನ ಮರದ ಕೆಳಗೆ ಹೋಗಿ ಕೂತಳು. ಯಾಕೆ ಬಂದೆ ಎಂದು ಸಾವ್ಕಾರರು ಕೇಳಿದರು. ಸುಮ್ಮನೆ ಬಂದೆ, ಕೂಲಿ ಕೇಳುವುದಿಲ್ಲ ಎಂದಳು. ಊಟದ ಹೊತ್ತಿಗೆ ಬಿಸ್ಮಿಲ್ಲಾಬಿ ಬಂದಳು, ಅವಳ ಪಾಳಿಯೂ ಇರಲಿಲ್ಲ. ಮನೆಯಲ್ಲಿ ಸೊಸೆಯ ಮುಖ ನೋಡಿ ನೋಡಿ ಸಾಕಾಯಿತು ಅಂದಳು. ಮರುದಿನ ಮತ್ತಿಬ್ಬರು. ವಾರ ಮುಗಿಯುವಷ್ಟರಲ್ಲಿ ಬೇವಿನ ಮರದ ಕೆಳಗೆ ಹತ್ತೂ ಮಂದಿ. ಒಳಗೆ ಮಷಿನ್ನು ಗಡಗಡ ಅನ್ನುತ್ತಿತ್ತು, ಹೊರಗೆ ಇವರು. ಸಪ್ಪಳ ಯಾರದು ಹೆಚ್ಚು ಎಂದು ಹೇಳುವುದು ಕಷ್ಟವಿತ್ತು.

ಅದು ವರ್ಷದ ಖಾರಪುಡಿ ಕುಟ್ಟಿಸುವ ಕಾಲ. ಹಾವೇರಿ, ರಾಣೇಬೆನ್ನೂರು, ಹುಬ್ಬಳ್ಳಿಯಿಂದ ಮನೆಮಂದಿ ಕಾರು ಮಾಡಿಕೊಂಡು ಬಂದು ವರ್ಷಕ್ಕಾಗುವಷ್ಟು ಕಾಯಿ ಒಯ್ಯುತ್ತಾರೆ. ಒಬ್ಬ ಟೀಚರಮ್ಮ ಕಾಯಿ ಕೊಂಡು ಹೊರಗೆ ಬಂದು, ಇದರ ತುಂಬು ಬಿಡಿಸಲು ತನಗೆ ಎರಡು ದಿನ ಬೇಕು, ಆಮೇಲೆ ಎರಡು ದಿನ ಕೈ ಉರಿ ಎಂದು ಗಂಡನ ಹತ್ತಿರ ಗೊಣಗಿದಳು. ಮಷಿನ್ನಿಗೆ ಹಾಕಿಕೊಡಿ ಎಂದು ಗಂಡ ಒಳಗೆ ಕೇಳಿದ. ಅರ್ಧ ಚೀಲಕ್ಕೆಲ್ಲ ಮಷಿನ್ನು ಹಚ್ಚಲು ಆಗುವುದಿಲ್ಲ, ಬೇರೆಯವರ ಕಾಯಿ ಕೂಡಿಬಿಡುತ್ತದೆ ಎಂದರು ಸಾವ್ಕಾರರು.

ಬೇವಿನ ಮರದ ಕೆಳಗೆ ಕೂತವರಿಗೆ ಅದು ಕೇಳಿಸಿತು.

"ಇಲ್ಲಿ ಸುರೀರಿ ಬಾಯಾರ," ಎಂದಳು ಕರೆವ್ವ ಟೀಚರಮ್ಮನಿಗೆ. "ಚಹಾ ಕುಡದ ಬರೂದ್ರಾಗ ಕೊಡ್ತೇವಿ."

ಹತ್ತು ಮಂದಿಯ ಕೈ ಬಿತ್ತು. ಟೀಚರಮ್ಮ ಚಹಾ ಕುಡಿದು ಬರುವಷ್ಟರಲ್ಲಿ ಆಗಲಿಲ್ಲ, ಸುಳ್ಳೇಕೆ, ಊಟ ಮಾಡಿ ಬರುವಷ್ಟರಲ್ಲಿ ಆಯಿತು. ಆಕೆ ಕೊಟ್ಟದ್ದನ್ನು ಹತ್ತು ಪಾಲು ಮಾಡಿದರು. ಮರುದಿನ ಆಕೆಯ ಅಕ್ಕ ಬಂದಳು, ಅಕ್ಕನ ಓಣಿಯವರು ಬಂದರು. ತುಂಬು ಬಿಡಿಸಿ ಕೊಡುವ ಅಂಗಡಿ ಎಂದು ಗಿರಾಕಿಗಳು ಕೇಳಿಕೊಂಡು ಬರತೊಡಗಿದ ಮೇಲೆ ಸಾವ್ಕಾರರು ಮರದ ಕೆಳಗೆ ಒಂದು ತಾಡಪಾಲು ಹಾಸಿಸಿದರು, ಕುಡಿಯುವ ನೀರಿನ ಕ್ಯಾನು ಇಡಿಸಿದರು. ಭಜಿ ತರಿಸಲಿಲ್ಲ. ಅದು ಒಳ್ಳೆಯ ಲಕ್ಷಣ ಎಂದಳು ಬಿಸ್ಮಿಲ್ಲಾಬಿ.

ಪಾಳಿಯ ಕೂಲಿ, ಮರದ ಕೆಳಗಿನ ಪಾಲು, ಎರಡೂ ಕೂಡಿ ಬಾಡಿಗೆಗೆ ಆಯಿತು, ಜೋಳಕ್ಕೆ ಆಯಿತು. ಮೊದಲಿನಷ್ಟು ಇಲ್ಲ. ಖಾರಪುಡಿಯ ಕಾಲ ಮುಗಿದ ಮೇಲೆ, ಮಳೆ ಹಿಡಿದ ಮೇಲೆ ಏನು ಎಂದು ಯಾರಿಗೂ ಗೊತ್ತಿಲ್ಲ. ಕರೆವ್ವ ಆ ಮಾತು ಎತ್ತುವುದಿಲ್ಲ. ಎತ್ತಿದವರಿಗೆ, ಕೈಯಾಗಿನ ಕಾಯಿ ಮೊದಲು ಬಿಡಸ ಅನ್ನುತ್ತಾಳೆ.

ಯುಗಾದಿಯ ಹಿಂದಿನ ದಿನ ಮರದ ಕೆಳಗೆ ಕೂತಿದ್ದಾಗ ಶಿಲ್ಪಾಳ ಫೋನು ಬಂತು. ಮಷಿನ್ನು ಬಂದು ತಿಂಗಳಾಯಿತು, ಹಟ ಸಾಕು, ಮನೆ ಬಿಟ್ಟು ಬಾ ಅಂದಳು. ತನ್ನ ಅತ್ತೆ ಅವ್ವನಿಗೆಂದು ಒಂದು ಕೋಣೆಯನ್ನೂ ಖಾಲಿ ಮಾಡಿಸಿದ್ದಾಳೆ ಅಂದಳು. ಕರೆವ್ವ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದಳು. ಕೈ ನಿಲ್ಲಲಿಲ್ಲ.

"ನಾ ಅಲ್ಲಿ ಬಂದ್ರ ನಾಗರಪಂಚಮಿಗೆ ನೀ ಎಲ್ಲಿ ಹೋಗ್ತಿ?"

ಒಂದು ತುಂಬು ಮುರಿದು ಆ ಕಡೆ ಹಾಕಿದಳು.

"ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ತವರಿಗೆ ಹೊಕ್ಕಾರ. ನಿಮ್ಮಪ್ಪ ಅಂತೂ ಹ್ವಾದ. ಇದೊಂದ ಮನಿನೂ ಬಿಟ್ರ ನಿನಗ ತವರ ಅಂತ ಯಾವುದೈತಿ? ಪಂಚಮಿಗೆ ನೀನ ಬಾ. ಉಂಡಿ ಕಟ್ಟತೇನಿ."

ಶಿಲ್ಪಾ ಮೂಗು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ, ಯಾವ ಉಂಡೆ ಎಂದು ಕೇಳಿದಳು. ಶೇಂಗಾ, ಎಳ್ಳು, ಪುಠಾಣಿ, ರವೆ ಎಂದಳು ಕರೆವ್ವ. ಅವರೂ ಬರುತ್ತಾರೆ ಎಂದಳು ಶಿಲ್ಪಾ. ಅಳಿಯ ಬರಲಿ, ಆದರೆ ಬಂದು ಕೂಸಿನ ಸುದ್ದಿ ತೆಗೆದು ನಗಬಾರದು ಎಂದಳು ಕರೆವ್ವ. ಅಷ್ಟರಲ್ಲಿ ಹಾವೇರಿಯ ಕಾರೊಂದು ಬಂದು ನಿಂತಿತು. ಅವಳು ಫೋನು ಇಟ್ಟು, ಬಿಸ್ಮಿಲ್ಲಾಬಿಗೆ ಸ್ವಲ್ಪ ಸರಿ ಎಂದು ಹೇಳಿ, ಚೀಲ ಇಳಿಸಲು ಜಾಗ ಮಾಡಿಸಿದಳು.